109 ಅಕ್ಷರ ಹೋದವನಿಗೆ ಇಷ್ಟು ತೊಂದ್ರೆ, 1779 ಹೋದವ್ರು ಆರಾಮಾಗಿ ನಡೀತಾರೆ, ಇದು ಹೇಗೆ ಡಾಕ್ಟ್ರೇ?

ಪ್ರಶ್ನೆ: ನಮ್ಮಕ್ಕನ ಮಗನಿಗೆ ಈಗ ಐದು ವರ್ಷ. ಮೆಟ್ಟಿಲು ಹತ್ತೋಕೆ ಕಷ್ಟಪಡ್ತಾನೆ, ನೆಲದಿಂದ ಏಳೋವಾಗ ತೊಡೆ ಮೇಲೆ ಕೈ ಊರಿಕೊಂಡು ಏಳ್ತಾನೆ, ಮೀನಖಂಡ ನೋಡಿದ್ರೆ ವಯಸ್ಸಿಗೆ ಮೀರಿ ದಪ್ಪ. ಮೊದ್ಲು ಎಸ್‌ಜಿಪಿಟಿ ಜಾಸ್ತಿ ಇದೆ, ಲಿವರ್ ತೊಂದ್ರೆ ಅಂತ ತಿಂಗಳುಗಟ್ಟಲೆ ಅದಕ್ಕೇ ಔಷಧಿ ಕೊಟ್ರು. ಆಮೇಲೆ ಬೇರೆ ಡಾಕ್ಟರ್ ಸಿಕೆ ಅನ್ನೋ ಸ್ನಾಯು ಕಿಣ್ವದ ಟೆಸ್ಟ್ ಮಾಡಿಸಿ ಜೀನ್ ಟೆಸ್ಟ್‌ಗೆ ಕಳಿಸಿದ್ರು. ರಿಪೋರ್ಟಲ್ಲಿ ಡಿಎಂಡಿ ಜೀನ್, ಎಕ್ಸಾನ್ 50 ಡಿಲೀಷನ್, ಔಟ್ ಆಫ್ ಫ್ರೇಮ್ ಅಂತ ಬಂದಿದೆ, ಡುಶೆನ್ ಅನ್ನೋ ಸ್ನಾಯು ಸವೆಯೋ ಕಾಯಿಲೆ ಅಂದ್ರು. ಆದ್ರೆ ಇದೇ ಜೀನಲ್ಲಿ 45ರಿಂದ 55ರವರೆಗೆ ಹನ್ನೊಂದು ಎಕ್ಸಾನ್ ಹೋಗಿರೋ ಒಬ್ಬರ ಪರಿಚಯ ಆಯ್ತು, ಅವ್ರಿಗೆ ನಲವತ್ತು ದಾಟಿದೆ, ನಡೀತಾರೆ, ಕೆಲ್ಸಕ್ಕೆ ಹೋಗ್ತಾರೆ. ಒಂದೇ ಒಂದು ಹೋಗಿರೋ ನಮ್ಮ ಹುಡ್ಗ ಮುಂದೆ ವೀಲ್‌ಚೇರ್ ಅಂತೆ! ರಿಪೋರ್ಟ್ ಅದಲುಬದಲಾಗಿರಬಹುದಾ? ಪ್ರೊಟೀನ್ ತಯಾರಾಗ್ತಿಲ್ಲ ಅಂದ್ರೆ ಪ್ರೊಟೀನ್ ಪೌಡರ್ ಕೊಡಬಹುದಾ? ಬಸುರಿಯಲ್ಲಿ ಅಕ್ಕ ಜ್ವರದ ಮಾತ್ರೆ ತಗೊಂಡಿದ್ದೇ ಕಾರಣ ಅಂತ ಮನೇಲಿ ದೊಡ್ಡವರು ಅಂತಿದ್ದಾರೆ, ಅಕ್ಕ ಅತ್ತೂ ಅತ್ತೂ ಸುಸ್ತಾಗಿದ್ದಾಳೆ. ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡ್ತೀವಿ ಅಂತಾನೂ ಯಾರೋ ಹೇಳ್ತಿದ್ದಾರೆ. ನಂಗೂ ಮದ್ವೆ ಆಗಿದೆ, ಮಗು ಮಾಡ್ಕೋಬೇಕು ಅಂತಿದ್ವಿ, ಈಗ ಭಯ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದ್ಲು ನಿಮ್ಮ ಅನುಮಾನದ ವಿಷ್ಯಕ್ಕೇ ಬರ್ತೀನಿ. ರಿಪೋರ್ಟ್ ಅದಲುಬದಲಾಗಿರಲೇಬೇಕು ಅಂತೇನಿಲ್ಲ, ನಿಮ್ಮ ಹುಡ್ಗಂದೂ ಸರಿ ಇರಬಹುದು, ಆ ಪರಿಚಯದವರದ್ದೂ ಸರಿ ಇರಬಹುದು. ಎಷ್ಟು ಹೋಯ್ತು ಅನ್ನೋದಕ್ಕಿಂತ, ಹೋದಮೇಲೆ ಉಳಿದಿದ್ದನ್ನ ಸೆಲ್ ಸರಿಯಾಗಿ ಓದೋಕೆ ಆಗತ್ತಾ ಅನ್ನೋದು ಈ ಕಾಯಿಲೇಲಿ ಮುಖ್ಯ. ನನ್ನ ಹತ್ರ ಬರೋ ಹೆಚ್ಚುಕಮ್ಮಿ ಪ್ರತಿ ಕುಟುಂಬಕ್ಕೂ ಈ ಲೆಕ್ಕ ಪೇಪರ್ ಮೇಲೆ ಬರೆದು ತೋರಿಸ್ತೀನಿ, ಇಲ್ಲೂ ಹಾಗೇ ಮಾಡೋಣ.

ಜೀನ್ ಅಂದ್ರೆ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಬರೆದಿರೋ ಒಂದು ಉದ್ದ ಸಾಲು. ಡಿಎಂಡಿ ಮನುಷ್ಯರ ಜೀನ್‌ಗಳಲ್ಲೇ ತುಂಬ ದೊಡ್ಡದು, ಎಕ್ಸ್ ಕ್ರೋಮೋಸೋಮ್ ಮೇಲೆ ಸುಮಾರು 22 ಲಕ್ಷ ಅಕ್ಷರ. ಇದರಲ್ಲಿ ಪ್ರೊಟೀನ್‌ಗೆ ನಿಜವಾಗ್ಲೂ ಬೇಕಾಗಿರೋದು 11 ಸಾವಿರ ಚಿಲ್ಲರೆ ಅಷ್ಟೇ, ಅದೂ 79 ತುಂಡುಗಳಾಗಿ ದೂರದೂರ ಹರಡಿಕೊಂಡಿದೆ, ಈ ತುಂಡುಗಳಿಗೇ ಎಕ್ಸಾನ್ ಅನ್ನೋದು. ಸೆಲ್ ಮೊದ್ಲು ಇಡೀ 22 ಲಕ್ಷದ್ದೂ ಆರ್‌ಎನ್‌ಎ ನಕಲು ತೆಗೆಯತ್ತೆ, ಒಂದು ಸಲ ಆ ತುದಿಯಿಂದ ಈ ತುದಿಗೆ ನಕಲು ಮುಗಿಯೋಕೇ 16 ಗಂಟೆ ಹತ್ರ ಬೇಕು. ಮಧ್ಯದಲ್ಲಿರೋ ಬೇಡದ ಭಾಗನೆಲ್ಲ ಕತ್ತರಿಸಿ ಬಿಸಾಕಿ 79 ಎಕ್ಸಾನ್‌ಗಳನ್ನ ಒಂದರ ಹಿಂದೆ ಒಂದು ಜೋಡಿಸತ್ತೆ, ಈ ಕೆಲಸಕ್ಕೆ ಸ್ಪ್ಲೈಸಿಂಗ್ ಅಂತಾರೆ, ಹೆಸರು ನೆನಪಿಟ್ಕೊಳ್ಳಿ, ಔಷಧಿ ಮಾತು ಬಂದಾಗ ಬೇಕಾಗತ್ತೆ. ಹೀಗೆ ರೆಡಿಯಾದ ಮೆಸೆಂಜರ್ ಆರ್‌ಎನ್‌ಎಯನ್ನ ರೈಬೋಸೋಮ್ ಅನ್ನೋ ಪ್ರೊಟೀನ್ ಕಟ್ಟೋ ಯಂತ್ರ ಮೂರು ಮೂರು ಅಕ್ಷರದಂತೆ ಓದ್ಕೊಂಡು ಹೋಗತ್ತೆ. ಮೂರಕ್ಷರದ ಒಂದು ಗುಂಪಿಗೆ ಕೋಡಾನ್ ಅಂತ ಹೆಸರು, ಒಂದು ಕೋಡಾನ್‌ಗೆ ಒಂದು ಅಮೈನೋ ಆಸಿಡ್, ಅಂದ್ರೆ ಪ್ರೊಟೀನಿನ ಒಂದು ಇಟ್ಟಿಗೆ, ಅದನ್ನ ಹಿಂದಿನದಕ್ಕೆ ಅಂಟಿಸ್ಕೊಂಡು ಮುಂದೆ. 3685 ಅಮೈನೋ ಆಸಿಡ್ ಹೀಗೆ ಸಾಲಾಗಿ ಸೇರಿದ್ರೆ ಡಿಸ್ಟ್ರೋಫಿನ್ ಅನ್ನೋ ಪ್ರೊಟೀನ್.

ನಾಲ್ಕು ಅಕ್ಷರದಲ್ಲಿ ಮೂರು ಮೂರರಂತೆ 64 ಕೋಡಾನ್ ಸಾಧ್ಯ. ಅದರಲ್ಲಿ 61 ಕೋಡಾನ್ 20 ಥರದ ಅಮೈನೋ ಆಸಿಡ್‌ಗೆ, ಉಳಿದ ಮೂರು ಇಲ್ಲಿಗೆ ನಿಲ್ಲಿಸು ಅನ್ನೋ ಸ್ಟಾಪ್. ಯಾವ ಕೋಡಾನ್‌ಗೆ ಯಾವ ಅಮೈನೋ ಆಸಿಡ್ ಅಂತ ಬಿಡಿಸಿದ್ದಕ್ಕೇ 1968ರಲ್ಲಿ ಹರಗೋಬಿಂದ್ ಖೊರಾನಾ, ನೀರೆನ್‌ಬರ್ಗ್, ಹಾಲಿ ಮೂವರಿಗೂ ನೊಬೆಲ್ ಬಂದಿದ್ದು. ಆದ್ರೆ ನಿಮ್ಮ ಪ್ರಶ್ನೆಗೆ ಅದಕ್ಕಿಂತ ಹತ್ರದ್ದು 1961ರಲ್ಲಿ ಕ್ರಿಕ್, ಬ್ರೆನ್ನರ್ ಮತ್ತೆ ಜೊತೆಯವರು ಬ್ಯಾಕ್ಟೀರಿಯಾಗೆ ತಗಲೋ ಒಂದು ವೈರಸ್ ಮೇಲೆ ಮಾಡಿದ ಪ್ರಯೋಗ. ಜೀನಲ್ಲಿ ಒಂದು ಅಕ್ಷರ ಹೆಚ್ಚು ಅಥವಾ ಕಮ್ಮಿ ಆದ್ರೆ ಜೀನ್ ಕೆಟ್ಟೋಗ್ತಿತ್ತು, ಅದೇ ಥರ ಎರಡು ಆದ್ರೂ ಕೆಡ್ತಿತ್ತು, ಮೂರು ಆದಾಗ ಮತ್ತೆ ಕೆಲಸ ಮಾಡ್ತಿತ್ತು! ಕೋಡಾನ್‌ಗಳ ಮಧ್ಯೆ ಖಾಲಿ ಜಾಗ, ಕಾಮಾ, ಏನೂ ಇಲ್ಲ ಅಂತ ಅದರಿಂದ ಗೊತ್ತಾಯ್ತು. ಶುರುವಾದ ಕಡೆಯಿಂದ ಮೂರು ಮೂರು ಎಣಿಸ್ಕೊಂಡು ಹೋಗೋದೊಂದೇ ರೈಬೋಸೋಮ್‌ಗೆ ಗೊತ್ತಿರೋದು.

ಈಗ ಈ ವಾಕ್ಯ ನೋಡಿ, ಎಲ್ಲ ಪದಾನೂ ಮೂರಕ್ಷರದ್ದು:

ಅವಳ ಕಿರಿಯ ಮಗನ ಹೆಸರು ಕಿರಣ

ಇದರಲ್ಲಿ ಒಂದೇ ಒಂದು ಅಕ್ಷರ, ಮೊದಲನೇ 'ಕಿ' ತೆಗೆದು, ಮೂರು ಮೂರರಂತೆ ಓದಿ:

ಅವಳ ರಿಯಮ ಗನಹೆ ಸರುಕಿ ರಣ

ಹೋಗಿದ್ದು ಒಂದು, ಕೆಟ್ಟಿದ್ದು ಅಲ್ಲಿಂದಾಚೆಗಿನ ಪೂರ್ತಿ. ಈಗ ಆರು ಅಕ್ಷರ ತೆಗೀರಿ, 'ಕಿರಿಯ ಮಗನ' ಅನ್ನೋದನ್ನೇ ಎತ್ತಿಬಿಡಿ:

ಅವಳ ಹೆಸರು ಕಿರಣ

ಅರ್ಥ ಸ್ವಲ್ಪ ಬೇರೆ ಆಯ್ತು, ಆದ್ರೆ ಕೊನೆವರೆಗೂ ಓದೋಕಾಗತ್ತೆ. ನಿಮ್ಮ ಹುಡ್ಗನಿಗೂ ಆ ಪರಿಚಯದವರಿಗೂ ಇರೋ ವ್ಯತ್ಯಾಸ ಇದೇನೇ.

ಲೆಕ್ಕ ಹಾಕಿ. ಎಕ್ಸಾನ್ 50ರಲ್ಲಿ ಇರೋದು 109 ಅಕ್ಷರ. ಮೂರರಿಂದ ಭಾಗಿಸಿದ್ರೆ 36, ಶೇಷ 1. ಆ ಶೇಷ 1 ಇದ್ಯಲ್ಲ, ಅದೇ ಶತ್ರು. 49ರ ಪಕ್ಕಕ್ಕೆ ನೇರವಾಗಿ 51 ಬಂದು ಕೂತ್ಕೊಳ್ಳತ್ತೆ, ಅಲ್ಲಿಂದ ಎಣಿಕೆ ಜಾರತ್ತೆ, ರಿಪೋರ್ಟಲ್ಲಿ ಔಟ್ ಆಫ್ ಫ್ರೇಮ್ ಅಂದಿರೋದು ಇದನ್ನೇ. ಜಾರಿದ ಓದಲ್ಲಿ ತಪ್ಪು ಅಮೈನೋ ಆಸಿಡ್ ಬರೋದು ಹಾಗಿರಲಿ, 64ರಲ್ಲಿ 3 ಸ್ಟಾಪ್ ಇರೋದ್ರಿಂದ ಅಡ್ಡಾದಿಡ್ಡಿ ಓದಿದ್ರೆ ಸರಾಸರಿ ಇಪ್ಪತ್ತೊಂದು ಕೋಡಾನ್‌ಗೆ ಒಂದು ಸ್ಟಾಪ್ ಎದುರಾಗತ್ತೆ, ಇಲ್ಲೂ ಎಕ್ಸಾನ್ 51ರ ಒಳಗೇ ಸಿಕ್ಕಿಬಿಡತ್ತೆ. ಪ್ರೊಟೀನಿನ ಸುಮಾರು ಮೂರನೇ ಎರಡು ಭಾಗಕ್ಕೇ ಕೆಲಸ ನಿಂತೋಗತ್ತೆ. ಅಷ್ಟೇ ಅಲ್ಲ, ಹೀಗೆ ಮಧ್ಯದಲ್ಲಿ ಸ್ಟಾಪ್ ಇರೋ ಆರ್‌ಎನ್‌ಎಗಳನ್ನ ಪತ್ತೆ ಹಚ್ಚಿ ಒಡೆದುಹಾಕೋ ವ್ಯವಸ್ಥೆ ಸೆಲ್ ಒಳಗೇ ಇದೆ, ಆದ್ದರಿಂದ ಅರ್ಧಂಬರ್ಧ ಪ್ರೊಟೀನ್ ಕೂಡ ಹೆಚ್ಚು ಉಳಿಯಲ್ಲ. ಅತ್ತ 45ರಿಂದ 55ರವರೆಗಿನ ಹನ್ನೊಂದು ಎಕ್ಸಾನ್ ಕೂಡಿಸಿದ್ರೆ 1779 ಅಕ್ಷರ, ಮೂರರಿಂದ ಭಾಗಿಸಿ, 593, ಶೇಷ ಸೊನ್ನೆ. ಅವ್ರಿಗೆ 593 ಅಮೈನೋ ಆಸಿಡ್ ಕಮ್ಮಿ ಇರೋ, ಆದ್ರೆ ಎರಡೂ ತುದಿ ಸರಿಯಾಗಿರೋ ಪ್ರೊಟೀನ್ ತಯಾರಾಗ್ತಿದೆ. ಇದೇ ಜೀನಿಂದ ಬರೋ, ಡುಶೆನ್‌ಗಿಂತ ಹಗುರವಾದ ಈ ಕಾಯಿಲೆಗೆ ಬೆಕರ್ ಅಂತಾರೆ, ಅದರಲ್ಲೂ ಈ 45–55 ಸಾಮಾನ್ಯವಾಗಿ ಸೌಮ್ಯ. ಹಾಗಂತ ಅವ್ರೂ ಪೂರ್ತಿ ನಿರಾಳ ಇರೋ ಹಾಗಿಲ್ಲ, ಕಾಲು ಚೆನ್ನಾಗಿದ್ರೂ ಹಾರ್ಟ್ ಸೋಲೋದು ಬೆಕರಲ್ಲಿ ಇದ್ದೇ ಇದೆ, ಎಕೋ ಮಾಡಿಸ್ತಿದ್ದಾರಾ ಅಂತ ಒಂದ್ಮಾತು ಕೇಳಿ.

ತುದಿ ಯಾಕೆ ಅಷ್ಟು ಮುಖ್ಯ ಅಂದ್ರೆ, ಡಿಸ್ಟ್ರೋಫಿನ್ನಿನ ಒಂದು ತುದಿ ಸ್ನಾಯು ಸೆಲ್ ಒಳಗಿನ ಆಕ್ಟಿನ್ ಎಳೆಗಳನ್ನ ಹಿಡಿದಿರತ್ತೆ, ಇನ್ನೊಂದು ತುದಿಯ ಕಡೆಯದು ಸೆಲ್ಲಿನ ಹೊರಪೊರೆಗೆ ಕಚ್ಚಿಕೊಂಡಿರತ್ತೆ, ಮಧ್ಯದಲ್ಲಿ ಒಂದೇ ಥರದ 24 ತುಂಡು ಸಾಲಾಗಿ ಇವೆ, ಅದರಲ್ಲಿ ಕೆಲವು ಹೋದ್ರೂ ಹೆಂಗೋ ನಡೆಯತ್ತೆ. ಈ ಹಿಡಿತ ಇಲ್ದಿದ್ರೆ ಸ್ನಾಯು ಪ್ರತಿ ಸಲ ಹಿಗ್ಗಿ ಕುಗ್ಗಿದಾಗ ಪೊರೆ ಹರಿಯತ್ತೆ, ಒಳಗಿಂದು ರಕ್ತಕ್ಕೆ ಸೋರತ್ತೆ. ಸಿಕೆ ಸಾವಿರಗಟ್ಟಲೆ ಬರೋದು ಅದಕ್ಕೇ. ಎಸ್‌ಜಿಪಿಟಿ, ಎಸ್‌ಜಿಒಟಿ ಲಿವರಲ್ಲಿ ಮಾತ್ರ ಅಲ್ಲ ಸ್ನಾಯುವಲ್ಲೂ ಇರತ್ತೆ, ಹಾಗಾಗಿ ಅವೂ ಏರತ್ತೆ, ಮಗು ಲಿವರ್ ಪೇಷೆಂಟ್ ಅನ್ನಿಸ್ಕೊಳ್ಳತ್ತೆ. ಇದು ನಿಮ್ಮ ಹುಡ್ಗನಿಗೆ ಮಾತ್ರ ಆಗಿದ್ದಲ್ಲ, ಬಹಳ ಮಕ್ಕಳು ಲಿವರ್ ದಾರಿ ಹಿಡಿದೇ ನಮ್ಮ ಹತ್ರ ಬರ್ತಾರೆ. ಜಿಜಿಟಿ ಅನ್ನೋ ಇನ್ನೊಂದು ಲಿವರ್ ಟೆಸ್ಟ್ ನಾರ್ಮಲ್ ಇದ್ದು ಎಸ್‌ಜಿಪಿಟಿ ಮಾತ್ರ ಜಾಸ್ತಿ ಇದ್ರೆ ಸಿಕೆ ನೋಡಿ ಅಂತ ನಾವು ಹೇಳ್ತಾನೇ ಇರ್ತೀವಿ.

ಶೇಷ ಸೊನ್ನೆ ಇದ್ರೆ ಬೆಕರ್, ಇಲ್ದಿದ್ರೆ ಡುಶೆನ್ ಅನ್ನೋ ನಿಯಮ 1988ರಲ್ಲಿ ಹೇಳಿದ್ದು, ಹತ್ತರಲ್ಲಿ ಒಂಬತ್ತು ಜನಕ್ಕೆ ಸರಿ ಹೋಗತ್ತೆ. ಉಳಿದವ್ರಲ್ಲಿ ಹೋಗಲ್ಲ, ಉದಾಹರಣೆಗೆ ಲೆಕ್ಕ ಸರಿ ಇದ್ರೂ ಪೊರೆಗೆ ಕಚ್ಚೋ ಭಾಗವೇ ಹೋಗಿದ್ರೆ ಕಾಯಿಲೆ ಜೋರೇ ಇರತ್ತೆ. ಅದಕ್ಕೇ ಪೇಪರ್ ನೋಡಿ ಮಗುವಿನ ಭವಿಷ್ಯ ಪೂರ್ತಿ ಬರೆಯೋಕೆ ಹೋಗಬೇಡಿ, ಡಾಕ್ಟರ್ ಮಗುವನ್ನ ನೋಡ್ಬೇಕು. ಹಾಂ, ಇನ್ನೊಂದು. ಎಕ್ಸಾನ್ ಇದ್ಯಾ ಇಲ್ವಾ ಅಂತ ನೋಡೋ ಎಂಎಲ್‌ಪಿಎ ಅನ್ನೋ ಟೆಸ್ಟಲ್ಲಿ ಒಂದೇ ಒಂದು ಎಕ್ಸಾನ್ ಹೋಗಿದೆ ಅಂತ ಬಂದ್ರೆ ಬೇರೆ ವಿಧಾನದಲ್ಲಿ ಒಂದ್ಸಲ ಖಚಿತ ಮಾಡ್ಕೋಬೇಕು, ಯಾಕಂದ್ರೆ ಟೆಸ್ಟಿನ ಪ್ರೋಬ್, ಅಂದ್ರೆ ಎಕ್ಸಾನ್ ಹುಡುಕೋ ಚಿಕ್ಕ ತುಂಡು, ಕೂರೋ ಜಾಗದಲ್ಲಿ ಒಂದಕ್ಷರ ಬೇರೆ ಇದ್ರೂ ಎಕ್ಸಾನ್ ಇಲ್ಲ ಅಂತ ತೋರಿಸಬಹುದು. ನಿಮ್ಮ ಹುಡ್ಗನ ಲಕ್ಷಣ ನೋಡಿದ್ರೆ ಡಯಾಗ್ನೋಸಿಸ್ ಬದಲಾಗತ್ತೆ ಅಂತ ನಂಗೆ ಅನ್ಸಲ್ಲ, ಆದ್ರೆ ಮುಂದಿನ ಔಷಧಿ, ಮನೆಯವರ ಟೆಸ್ಟ್ ಎಲ್ಲ ಇದರ ಮೇಲೇ ನಿಂತಿರೋದ್ರಿಂದ ಲ್ಯಾಬಿನವರನ್ನ ಕೇಳಿ.

ಪ್ರೊಟೀನ್ ಪೌಡರ್ ವಿಷ್ಯ. ತಿಂದ ಪ್ರೊಟೀನ್ ಯಾವ್ದೇ ಇರಲಿ ಹೊಟ್ಟೇಲಿ ಒಡೆದು ಅಮೈನೋ ಆಸಿಡ್ ಆಗಿ ರಕ್ತಕ್ಕೆ ಸೇರತ್ತೆ. ಅವನಿಗೆ ಅಮೈನೋ ಆಸಿಡ್ ಕೊರತೆ ಇಲ್ಲ, ಅವನ್ನ ಯಾವ ಕ್ರಮದಲ್ಲಿ ಜೋಡಿಸ್ಬೇಕು ಅನ್ನೋ ಮಾಹಿತಿ ಕೆಟ್ಟಿದೆ. ಪೌಡರ್ ಡಬ್ಬಗಟ್ಟಲೆ ಹಾಕಿದ್ರೂ ಡಿಸ್ಟ್ರೋಫಿನ್ ಆಗಲ್ಲ, ತೂಕ ಮಾತ್ರ ಏರತ್ತೆ, ಬಲ ಇಲ್ಲದ ಕಾಲಿಗೆ ತೂಕ ಒಳ್ಳೇದಲ್ಲ. ಮಾಮೂಲಿ ಊಟ ಸಾಕು. ಹಾಗೇ ಸ್ನಾಯು ಬಲ ಆಗ್ಲಿ ಅಂತ ಭಾರ ಎತ್ತಿಸೋದು, ಮೆಟ್ಟಿಲು ಹತ್ತಿಸಿ ಇಳಿಸೋದು ಬೇಡ, ಹರಿಯೋ ಪೊರೆ ಇನ್ನೂ ಹರಿಯತ್ತೆ. ಸ್ಟ್ರೆಚಿಂಗ್, ನೀರಲ್ಲಿ ಆಟ, ಅವನಿಗೆ ಸುಸ್ತಾದಾಗ ನಿಲ್ಲಿಸೋದು, ಇಷ್ಟು.

ಜ್ವರದ ಮಾತ್ರೆ ವಿಷ್ಯ ಮನೆಯ ದೊಡ್ಡವರಿಗೆ ಓದಿ ಹೇಳಿ. ಈ ಡಿಲೀಷನ್ ಒಂದೋ ಅಕ್ಕನ ಎಕ್ಸ್ ಕ್ರೋಮೋಸೋಮಲ್ಲಿ ಮೊದಲೇ ಇತ್ತು, ಅಥವಾ ಮೊಟ್ಟೆ ತಯಾರಾಗೋವಾಗ ಹೊಸದಾಗಿ ಆಯ್ತು. ಸರಿಸುಮಾರು ಮೂರರಲ್ಲಿ ಎರಡು ಕುಟುಂಬದಲ್ಲಿ ತಾಯಿ ಕ್ಯಾರಿಯರ್, ಅಂದ್ರೆ ಒಂದು ಎಕ್ಸಲ್ಲಿ ಈ ತಪ್ಪನ್ನ ಹೊತ್ತವರು, ಮೂರನೇ ಒಂದರಲ್ಲಿ ಹೊಸದು. ಎರಡರಲ್ಲಿ ಯಾವ್ದೇ ಆಗಿರಲಿ, ಅಕ್ಕನಿಗೆ ಬಸುರಿ ಅಂತ ಗೊತ್ತಾಗೋ ಹೊತ್ತಿಗೆ ಆಗೋದು ಆಗಿ ಹೋಗಿತ್ತು, ಆಮೇಲೆ ತಗೊಂಡ ಮಾತ್ರೆ ಮಗುವಿನ ಮೈಯ ಎಲ್ಲ ಸೆಲ್‌ನಿಂದಲೂ ಕರೆಕ್ಟಾಗಿ ಅದೇ 109 ಅಕ್ಷರ ಕಿತ್ತು ಹಾಕೋಕೆ ಸಾಧ್ಯಾನೇ ಇಲ್ಲ. ಕ್ಯಾರಿಯರ್ ಆಗಿದ್ರೂ ಅದು ಅಕ್ಕನ ತಪ್ಪು ಹೇಗಾಗತ್ತೆ ಹೇಳಿ, ಅವ್ರಿಗೂ ಅದು ಹುಟ್ಟುತ್ತಾ ಬಂದಿದ್ದು.

ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡ್ತೀವಿ ಅನ್ನೋವ್ರನ್ನ ಒಂದೇ ಪ್ರಶ್ನೆ ಕೇಳಿ, ಯಾರ ಸೆಲ್ ಅಂತ. ಹುಡ್ಗನದೇ ಮೂಳೆಮಜ್ಜೆಯಿಂದ ತೆಗೆದಿದ್ದು ಅಂದ್ರೆ ಆ ಸೆಲ್ಲಲ್ಲೂ ಎಕ್ಸಾನ್ 50 ಇರಲ್ಲ, ಏನ್ ಉಪಯೋಗ? ಬೇರೆಯವರದ್ದು ಅಂದ್ರೆ ಮೈ ಒಪ್ಪಿಕೊಳ್ಳಬೇಕು, ಮೈತುಂಬ ಇರೋ ಸ್ನಾಯುಗಳಿಗೆಲ್ಲ ಹೋಗಿ ಸೇರ್ಬೇಕು. ನಿಯಮ ಪ್ರಕಾರ ನಡೆಯೋ ಟ್ರಯಲ್ ಬೇರೆ, ಅಲ್ಲಿ ಪೇಷೆಂಟ್ ಹತ್ರ ದುಡ್ಡು ಕೇಳಲ್ಲ. ದುಡ್ಡು ತಗೊಂಡು ಚುಚ್ಚೋರ ಹತ್ರ ಹೋಗ್ಬೇಡಿ ಅಂತ ನಾನು ನೇರವಾಗೇ ಹೇಳ್ತೀನಿ.

ಇನ್ನು ನಿಜವಾಗಿ ಏನಿದೆ. ಇವತ್ತಿಗೂ ಮೊದಲನೇ ಔಷಧಿ ಸ್ಟಿರಾಯ್ಡೇ, ಪ್ರೆಡ್ನಿಸೋಲೋನ್ ಅಥವಾ ಡಿಫ್ಲಜಕಾರ್ಟ್. ಜೀನ್ ಸರಿ ಮಾಡಲ್ಲ, ಪೊರೆ ಹರಿದ ಕಡೆ ಆಗೋ ಉರಿಯೂತ ಕಮ್ಮಿ ಮಾಡಿ ನಡಿಗೆ ನಿಲ್ಲೋದನ್ನ ವರ್ಷಗಳಷ್ಟು ಮುಂದೆ ಹಾಕತ್ತೆ, ಉಸಿರಾಟಕ್ಕೂ ಬೆನ್ನುಮೂಳೆ ಸೊಟ್ಟಗಾಗೋದು ತಡೆಯೋಕೂ ಅನುಕೂಲ. ಬದಲಿಗೆ ತೂಕ ಏರತ್ತೆ, ಎತ್ತರ ಕುಂಠಿತ ಆಗತ್ತೆ, ಮೂಳೆ ಸವೆಯತ್ತೆ, ಕಣ್ಣಲ್ಲಿ ಪೊರೆ ಬರಬಹುದು, ಹುಡ್ಗ ಸಿಡುಕ ಆಗಬಹುದು. ಶುರು ಮಾಡೋಕ್ ಮುಂಚೆ ಬಾಕಿ ಇರೋ ಲಸಿಕೆ ಎಲ್ಲ ಮುಗಿಸಿ, ಶುರು ಮಾಡಿದ್ಮೇಲೆ ವಾಂತಿ ಭೇದಿ ಅಂತ ಮನೆಯವರೇ ದಿಢೀರ್ ನಿಲ್ಲಿಸೋದು ಅಪಾಯ, ಜೀವಕ್ಕೇ ಕುತ್ತು. ವ್ಯಾಮೊರೊಲೋನ್ ಅಂತ ಹೊಸದು 2023ರಲ್ಲಿ ಬಂತು, ಎತ್ತರದ ವಿಷ್ಯದಲ್ಲಿ ಸ್ವಲ್ಪ ವಾಸಿ, 2024ರಲ್ಲಿ ಗಿವಿನೋಸ್ಟಾಟ್ ಆರು ವರ್ಷದ ಮೇಲಿನವರಿಗೆ ಒಪ್ಪಿಗೆ ಆಯ್ತು, ಅದರಲ್ಲಿ ಪ್ಲೇಟ್‌ಲೆಟ್ ಇಳಿಯತ್ತಾ ಅಂತ ನೋಡ್ತಿರ್ಬೇಕು.

ನಿಮ್ಮ ಹುಡ್ಗನ ರಿಪೋರ್ಟಿಗೆ ನೇರವಾಗಿ ಸಂಬಂಧ ಪಟ್ಟಿದ್ದು ಎಕ್ಸಾನ್ ಸ್ಕಿಪಿಂಗ್. ಮೇಲಿನ ವಾಕ್ಯಕ್ಕೇ ವಾಪಸ್ ಬನ್ನಿ, 'ಕಿ' ಹೋಗಿ ಎಲ್ಲ ಕೆಟ್ಟಿತ್ತಲ್ಲ, ಪಕ್ಕದ 'ರಿಯ' ಕೂಡ ತೆಗೆದುಬಿಟ್ರೆ? ಅವಳ ಮಗನ ಹೆಸರು ಕಿರಣ. ಸರಿ ಹೋಯ್ತು! ಎಕ್ಸಾನ್ 51ರಲ್ಲಿ 233 ಅಕ್ಷರ ಇದೆ, ಮೂರರಿಂದ ಭಾಗಿಸಿದ್ರೆ ಶೇಷ 2. 50ರ ಶೇಷ 1, 51ರ ಶೇಷ 2, ಎರಡೂ ಹೋದ್ರೆ 342 ಅಕ್ಷರ, ಅಂದ್ರೆ ಸರಿಯಾಗಿ 114 ಅಮೈನೋ ಆಸಿಡ್, ಎಣಿಕೆ ಮತ್ತೆ ದಾರಿಗೆ ಬರತ್ತೆ. ಡಿಎನ್‌ಎ ಮುಟ್ಟಲ್ಲ, ಸ್ಪ್ಲೈಸಿಂಗ್ ಆಗೋವಾಗ 51ನ್ನ ಮುಚ್ಚಿ ಹಿಡಿಯೋ ಚಿಕ್ಕ ತುಂಡೊಂದನ್ನ ವಾರವಾರ ರಕ್ತನಾಳಕ್ಕೆ ಡ್ರಿಪ್ ಹಾಕ್ತಾರೆ. ಎಟೆಪ್ಲಿರ್ಸೆನ್ ಅಂತ ಹೆಸರು, ಎಲ್ಲ ಡುಶೆನ್ ಮಕ್ಕಳಲ್ಲಿ 13% ಹತ್ರ ಮಕ್ಕಳಿಗೆ ಹೊಂದೋದು, ನಿಮ್ಮವನು ಆ ಗುಂಪಲ್ಲಿ ಬರ್ತಾನೆ. ಯೋಚನೆ ಇಷ್ಟು ಚೆಂದ ಇದೆ, ಫಲಿತಾಂಶ ಅಷ್ಟು ಚೆಂದ ಇಲ್ಲ ಅನ್ನೋದೇ ಬೇಜಾರು. ಔಷಧಿ ಸ್ನಾಯು ಸೆಲ್ ಒಳಗೆ ಹೋಗೋದೇ ಕಮ್ಮಿ, ಹಾರ್ಟಿಗಂತೂ ಇನ್ನೂ ಕಮ್ಮಿ, ವರ್ಷಗಟ್ಟಲೆ ಕೊಟ್ಟಮೇಲೆ ಡಿಸ್ಟ್ರೋಫಿನ್ ಸಿಕ್ಕಿದ್ದು ನಾರ್ಮಲ್‌ನ 1%ಗೆ ಹತ್ರ. ಅಮೆರಿಕದಲ್ಲಿ 2016ರಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಕೊಟ್ರು, ಯುರೋಪಿನ ಸಂಸ್ಥೆ 2018ರಲ್ಲಿ ಸಾಲದು ಅಂತ ತಿರಸ್ಕರಿಸ್ತು. ಖರ್ಚು ವಿಪರೀತ. ಸಾಲ ಮಾಡಿ ಇದಕ್ಕೆ ಹೋಗಿ ಅಂತ ನಾನು ಯಾರಿಗೂ ಹೇಳಿಲ್ಲ. ಸೆಲ್ ಒಳಗೆ ಚೆನ್ನಾಗಿ ನುಗ್ಗೋ ಹೊಸ ತಲೆಮಾರಿನ ಸ್ಕಿಪಿಂಗ್ ಔಷಧಿಗಳ ಟ್ರಯಲ್ ನಡೀತಿದೆ, 51 ಸ್ಕಿಪ್ ಟ್ರಯಲ್ ಎಲ್ಲಾದ್ರೂ ಇದ್ರೆ ತಿಳಿಸಿ ಅಂತ ನಿಮ್ಮ ನ್ಯೂರಾಲಜಿಸ್ಟ್ ಹತ್ರ ಹೆಸರು ಬರೆಸಿಡಿ, ಅದು ಬುದ್ಧಿವಂತಿಕೆ.

ಜೀನ್ ಥೆರಪಿ ಬಗ್ಗೆ ಕೇಳೇ ಕೇಳ್ತೀರಿ. ಜೀನನ್ನ ಒಳಗೆ ಒಯ್ಯೋ ಎಎವಿ ವೈರಸ್ಸಿಗೆ ಸುಮಾರು 4700 ಅಕ್ಷರ ಮಾತ್ರ ಹಿಡಿಸತ್ತೆ, ನಮಗೆ ಬೇಕಾಗಿರೋದು 11 ಸಾವಿರ. ಹಾಗಾಗಿ ಮಧ್ಯದ್ದೆಲ್ಲ ಕತ್ತರಿಸಿ ತುದಿಗಳನ್ನ ಉಳಿಸ್ಕೊಂಡ ಮೈಕ್ರೋಡಿಸ್ಟ್ರೋಫಿನ್ ಕೊಡ್ತಾರೆ. ಅಮೆರಿಕದಲ್ಲಿ 2023ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ತು, 2025ರಲ್ಲಿ ನಡೆಯೋಕಾಗದ ಸ್ಥಿತಿಯಲ್ಲಿದ್ದ ಹುಡುಗರು ಇದನ್ನ ತಗೊಂಡಮೇಲೆ ಲಿವರ್ ಕೈಕೊಟ್ಟು ತೀರಿಕೊಂಡ್ರು, ಆಮೇಲೆ ನಿರ್ಬಂಧ ಬಿಗಿ ಆಯ್ತು. ಒಂದ್ಸಲ ತಗೊಂಡ್ರೆ ವೈರಸ್ ವಿರುದ್ಧ ಆಂಟಿಬಾಡಿ ಬಂದುಬಿಡೋದ್ರಿಂದ ಎರಡನೇ ಸಲ ಕೊಡೋಕಾಗಲ್ಲ, ಮುಂದೆ ಇದಕ್ಕಿಂತ ಒಳ್ಳೇದು ಬಂದ್ರೂ ಆ ಬಾಗಿಲು ಮುಚ್ಚಿದ ಹಾಗೇ. ಲಾಭ ಎಷ್ಟು ಅನ್ನೋದರಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಅವಸರ ಬೇಡ.

ಔಷಧಿ ಮಾತಲ್ಲಿ ಎಲ್ಲರೂ ಮರೆಯೋ ಎರಡು ವಿಷ್ಯ. ಈಗಿನಿಂದಲೇ ಹಾರ್ಟ್ ಚೆಕಪ್ ಕ್ರಮವಾಗಿ ಆಗ್ಬೇಕು, ನೋವು ದಮ್ಮು ಬರೋವರೆಗೆ ಕಾಯಬಾರದು. ಇನ್ನೊಂದು ಅರಿವಳಿಕೆ. ಹಲ್ಲು, ಹರ್ನಿಯಾ, ಮೂಳೆ ಮುರಿತ, ಯಾವ್ದೇ ಆಪರೇಷನ್ ಬಂದ್ರೂ ಡುಶೆನ್ ಇದೆ ಅಂತ ಅನಸ್ತೇಷಿಯಾ ಡಾಕ್ಟರಿಗೆ ಮೊದಲೇ ಹೇಳ್ಬೇಕು. ಸಕ್ಸಿನೈಲ್‌ಕೋಲಿನ್ ಕೊಡಲೇಬಾರದು, ಮೂಗಿನಿಂದ ಎಳೆಸೋ ಕೆಲವು ಗ್ಯಾಸ್ ಕೂಡ ಬೇಡ, ಸ್ನಾಯು ಒಮ್ಮೆಲೇ ಒಡೆದು ಪೊಟಾಶಿಯಂ ಏರಿ ಹಾರ್ಟ್ ನಿಂತಿರೋ ಪ್ರಸಂಗಗಳಿವೆ. ಒಂದು ಕಾರ್ಡಲ್ಲಿ ಬರೆದು ಅವನ ಸ್ಕೂಲ್ ಬ್ಯಾಗಲ್ಲೂ ಅಕ್ಕನ ಪರ್ಸಲ್ಲೂ ಇಟ್ಟಿರಿ.

ಈಗ ನಿಮ್ಮ ವಿಷ್ಯ. ಮೊದ್ಲು ಅಕ್ಕನ ಬ್ಲಡ್ ಟೆಸ್ಟ್ ಆಗ್ಲಿ. ಅವ್ರಲ್ಲಿ ಈ ಡಿಲೀಷನ್ ಇಲ್ಲ ಅಂದ್ರೆ ನಿಮಗೆ ಹೆದರೋಕೆ ಹೆಚ್ಚು ಕಾರಣ ಇಲ್ಲ. ಆದ್ರೆ ಅಕ್ಕನಿಗೆ ಪೂರ್ತಿ ಕ್ಲಿಯರ್ ಅಂತಲ್ಲ, ರಕ್ತದಲ್ಲಿ ಇಲ್ಲದೇ ಅವರ ಕೆಲವು ಮೊಟ್ಟೆಗಳಲ್ಲಿ ಮಾತ್ರ ಇರೋ ಸಾಧ್ಯತೆ ಇದೆ, ಆದ್ದರಿಂದ ಇನ್ನೊಂದು ಮಗು ಯೋಚನೆ ಇದ್ರೆ ಬಸುರಿಯಲ್ಲಿ ಟೆಸ್ಟ್ ಮಾಡಿಸ್ಕೋಬೇಕು. ಅಕ್ಕ ಕ್ಯಾರಿಯರ್ ಅಂತ ಬಂದ್ರೆ ನಿಮ್ಮಮ್ಮನೂ ಆಗಿರಬಹುದು, ಅಮ್ಮ ಆಗಿದ್ರೆ ನೀವು ಆಗಿರೋ ಸಾಧ್ಯತೆ ಅರ್ಧಕ್ಕರ್ಧ. ಅಕ್ಕನ ರಿಸಲ್ಟಿಗೆ ಕಾಯೋ ತಾಳ್ಮೆ ಇಲ್ಲ ಅಂದ್ರೆ ನೀವೇ ನೇರ ಮಾಡಿಸಬಹುದು, ತಪ್ಪೇನಿಲ್ಲ. ಕ್ಯಾರಿಯರ್ ಆಗಿದ್ರೆ ಹುಟ್ಟೋ ಪ್ರತಿ ಗಂಡುಮಗುವಿಗೂ ಕಾಯಿಲೆ ಬರೋ ಸಾಧ್ಯತೆ 50%, ಪ್ರತಿ ಹೆಣ್ಣುಮಗುವೂ ಕ್ಯಾರಿಯರ್ ಆಗೋ ಸಾಧ್ಯತೆ 50%, ಮತ್ತೆ ನಿಮ್ಮ ಹಾರ್ಟ್ ಕೂಡ ಆಗಾಗ ನೋಡಿಸ್ಕೋಬೇಕು. ಆಗ ದಾರಿಗಳು, 11ನೇ ವಾರದ ನಂತರ ಮಾಸಿನ ಚೂರು ತೆಗೆದು ನೋಡೋ ಸಿವಿಎಸ್ ಅಥವಾ 15ನೇ ವಾರದ ನಂತರ ಮಗುವಿನ ಸುತ್ತಲಿನ ನೀರು ತೆಗೆದು ನೋಡೋ ಆಮ್ನಿಯೋ, ಎರಡರಲ್ಲೂ ಗರ್ಭಪಾತದ ಸಣ್ಣ ರಿಸ್ಕ್ ಇದೆ, ಬಂದ ರಿಸಲ್ಟ್ ಇಟ್ಕೊಂಡು ಏನು ಮಾಡ್ತೀವಿ ಅಂತ ಗಂಡ ಹೆಂಡ್ತಿ ಮೊದಲೇ ಮಾತಾಡಿರ್ಬೇಕು. ಇಲ್ಲಾಂದ್ರೆ ಐವಿಎಫ್ ಮಾಡಿ ಭ್ರೂಣವನ್ನ ಮೊದಲೇ ಟೆಸ್ಟ್ ಮಾಡಿ ಹಾಕಿಸ್ಕೊಳ್ಳೋದು, ಖರ್ಚು ಜಾಸ್ತಿ, ಮೊದಲನೇ ಸಲವೇ ನಿಲ್ಲತ್ತೆ ಅನ್ನೋ ಗ್ಯಾರಂಟಿ ಇಲ್ಲ. ಏನೂ ಟೆಸ್ಟ್ ಬೇಡ ಅನ್ನೋದೂ ನಿಮ್ಮ ಹಕ್ಕೇ.

ಬಸುರಿ ಆದ್ಮೇಲೆ ಓಡಾಡೋದಕ್ಕಿಂತ ಈಗಲೇ ಟೆಸ್ಟ್ ಮುಗಿಸ್ಕೊಳ್ಳಿ. ರಕ್ತ ಕೊಡೋಕೆ ಹೋಗೋವಾಗ ಹುಡ್ಗನ ರಿಪೋರ್ಟಿನ ಕಾಪಿ ಕಡ್ಡಾಯವಾಗಿ ತಗೊಂಡ್ಹೋಗಿ. ಹೆಂಗಸರಲ್ಲಿ ಇನ್ನೊಂದು ಎಕ್ಸ್ ಸರಿಯಾಗಿರೋದ್ರಿಂದ ಎಕ್ಸಾನ್ 50 ಪೂರ್ತಿ ಕಾಣೆ ಆಗಿರಲ್ಲ, ಅರ್ಧಕ್ಕೆ ಇಳಿದಿರತ್ತೆ ಅಷ್ಟೇ. ಹುಡುಕ್ತಿರೋದು ಯಾವ ಎಕ್ಸಾನ್ ಅಂತ ಲ್ಯಾಬಿನವರಿಗೆ ಮೊದಲೇ ಗೊತ್ತಿದ್ರೆ ಆ ಅರ್ಧ ಅವ್ರ ಕಣ್ಣು ತಪ್ಪಲ್ಲ.